ನಾನಿದ್ದಾಗ ಬಾರದ ದೋಷ

ಜೂನ್ ೨, ಸೋಮವಾರ

ನಾನು ಕೆಲಸ ಮಾಡಿದ ದೂರವಾಣಿ ಇಲಾಖೆಯಲ್ಲಿ ಒಂದು ಪದ್ಧತಿಯಿತ್ತು: ದೋಷ ಹುಡುಕುವವನು ಕಂಡದ್ದನ್ನು ಅಂದಂದೇ ಬರೆದಿಡಬೇಕು, ಅನಿಸಿದ್ದನ್ನು ಬರೆಯಬಾರದು. ಈ ವರ್ಷದ ಆರಂಭದಲ್ಲಿ ನಮ್ಮ ವಿಭಾಗವನ್ನೇ ಮುಚ್ಚಿ, ನನ್ನನ್ನು ಐವತ್ತೆರಡನೆಯ ವಯಸ್ಸಿಗೆ ನಿವೃತ್ತಿಗೊಳಿಸಿದರು. ಪದ್ಧತಿಯನ್ನು ಮುಚ್ಚುವ ಆದೇಶ ನನಗೆ ತಲುಪಿಲ್ಲ.

ಕೆಲಸದ ವಿವರ. ನನ್ನ ಹೆಂಡತಿ ವೈದ್ಯೆ. ರೋಗನಿದಾನದ ಪ್ರಯೋಗಾಲಯ ನಡೆಸುತ್ತಾಳೆ. ರಸ್ತೆಯ ಆಚೆ ಬದಿಯ ಆಸ್ಪತ್ರೆಯೇ ಅದರ ಮುಖ್ಯ ಆಧಾರ. ಜುಲೈ ಒಂದರಿಂದ ಕಾಗದದ ವರದಿ ಬೇಡ, ವರದಿ ನೇರವಾಗಿ ತಮ್ಮ ವೈದ್ಯರ ಪರದೆಗೆ ಬರಬೇಕು ಎಂದು ಆಸ್ಪತ್ರೆಯವರು ತಿಳಿಸಿದ್ದಾರೆ. ಜೂನ್ ಪರೀಕ್ಷೆಯ ತಿಂಗಳು. ತೃಪ್ತಿಯಾಗದಿದ್ದರೆ ಕೆಲಸ ಬೇರೆ ಪ್ರಯೋಗಾಲಯಕ್ಕೆ. ಹಾಗಾದರೆ ಬಾಗಿಲು ಮುಚ್ಚಬೇಕಾಗುತ್ತದೆ ಎಂದು ಅವಳು ಹೇಳಲಿಲ್ಲ. ಬಾಗಿಲಿಗೆ ಬಣ್ಣ ಹೊಡೆಸುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ ಎಂದಳು.

"ಹೇಗೂ ಮನೇಲೇ ಇರ್ತೀರಲ್ಲ, ಒಂದ್ಸಲ ನೋಡ್ಬಿಡಿ."

"ಇದು ನೋಡಿಬಿಡುವ ಕೆಲಸವಲ್ಲ. ಕಟ್ಟುವ ಕೆಲಸ."

"ಸರಿ, ಕಟ್ಬಿಡಿ."

ಒಪ್ಪಿದೆ.

ಜೂನ್ ೫, ಗುರುವಾರ

ಮೂಲೆಗೆ ಬಿದ್ದಿದ್ದ ಒಂದು ಕಂಪ್ಯೂಟರನ್ನು ಶುಚಿಗೊಳಿಸಿ, ಮುಕ್ತ ತಂತ್ರಾಂಶ ತುಂಬಿ, ಸರ್ವರ್ ಮಾಡಿದೆ. ಮೊದಲ ದಿನ ಅದು ಜಾಲವನ್ನೇ ಕಾಣಲಿಲ್ಲ. ಕಾರಣ: ಜಾಲದ ಕಾರ್ಡಿಗೆ ವ್ಯವಸ್ಥೆಯು ತಾನೇ ಹೊಸ ಹೆಸರಿಟ್ಟುಕೊಂಡಿತ್ತು, ನಾನು ಹಳೆಯ ಹೆಸರಿಗೆ ಆದೇಶ ಬರೆದಿದ್ದೆ. ಇದು ತಿಳಿಯುವ ಮುನ್ನ ಅಂತರ್ಜಾಲದ ಬಳಕೆದಾರರ ಕೂಟದಲ್ಲಿ ಎರಡು ಪುಟದ ಪ್ರಶ್ನೆ ಬರೆದು ಹಾಕಿದ್ದೆ. ಒಂದೇ ಉತ್ತರ ಬಂದಿತು: "ಕೇಬಲ್ ಸಿಕ್ಕಿಸಿದ್ದೀರಾ?"

ವ್ಯವಸ್ಥೆ ಹೀಗಿದೆ. ಪ್ರಯೋಗಾಲಯದ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆ ಬೇಕು. ಯಂತ್ರವು ಎದ್ದೊಡನೆ ಜಾಲದಲ್ಲಿ ಸಂಖ್ಯೆ ಕೇಳುತ್ತದೆ, ಸರ್ವರ್ ಕೊಡುತ್ತದೆ. ಯಾವ ಯಂತ್ರಕ್ಕೆ ಯಾವ ಸಂಖ್ಯೆ ಎಂದು ನಾನು ಮೊದಲೇ ಗೊತ್ತುಮಾಡಿ, ಚೀಟಿಯಲ್ಲಿ ಬರೆದು ಪ್ರತಿ ಯಂತ್ರದ ಹಣೆಗೂ ಅಂಟಿಸಿದ್ದೇನೆ. ಊಟದ ವೇಳೆ ಯಂತ್ರಗಳನ್ನು ಆರಿಸಿ ವಿಶ್ರಾಂತಿ ಕೊಡತಕ್ಕದ್ದು ಎಂದೂ ನಿಯಮ ಮಾಡಿದ್ದೇನೆ.

ಸಿಬ್ಬಂದಿ ಇಬ್ಬರು. ರಕ್ತ ತೆಗೆಯುವ ತಂತ್ರಜ್ಞನನ್ನು ಎಲ್ಲರೂ ಸೂಜಿ ಎನ್ನುತ್ತಾರೆ. ಆತ ದಪ್ಪಗಿದ್ದಾನೆ, ಹೆಸರು ಕೆಲಸದಿಂದ ಬಂದದ್ದು. ಸ್ವಾಗತದ ಮೇಜಿನಲ್ಲಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಇಬ್ಬರೂ ನನ್ನ ಹೆಂಡತಿಯನ್ನು "ಅಕ್ಕ" ಎಂದೂ ನನ್ನನ್ನು "ಸಾರ್" ಎಂದೂ ಕರೆಯುತ್ತಾರೆ. ನಾನು ಒಳಗೆ ಬಂದಾಗ ಎದ್ದು ನಿಲ್ಲುತ್ತಾರೆ. ಶಿಸ್ತು ಚೆನ್ನಾಗಿದೆ.

ಮೊದಲ ವರದಿ ಆಸ್ಪತ್ರೆಯ ಪರದೆಗೆ ತಲುಪಿತು. ಕೆಲಸ ಮುಗಿಯಿತು.

ಜೂನ್ ೯, ಸೋಮವಾರ

ಮುಗಿದಿಲ್ಲ. ಮಧ್ಯಾಹ್ನ ಊಟದ ನಂತರ ಯಾವ ಯಂತ್ರಕ್ಕೂ ಸರ್ವರ್ ಕಾಣುತ್ತಿಲ್ಲವೆಂದು ಸೂಜಿ ಅಲ್ಲಿನ ಸ್ಥಿರ ದೂರವಾಣಿಯಿಂದ ಮನೆಗೆ ಫೋನ್ ಮಾಡಿದ. ಹೋದೆ. ನಾನು ತಲುಪುವಷ್ಟರಲ್ಲಿ ಯಂತ್ರಗಳನ್ನು ಆರಿಸಿ ಹಚ್ಚಿದ್ದರು, ಎಲ್ಲವೂ ಸರಿಯಿತ್ತು.

"ನೀವು ಮೆಟ್ಟಿಲು ಹತ್ತೋ ಸದ್ದಾಯ್ತು ನೋಡಿ ಸಾರ್, ಸರಿಹೋಯ್ತು" ಎಂದ ಸೂಜಿ.

ಶೂ ಸದ್ದಿಗೂ ಜಾಲಕ್ಕೂ ಸಂಬಂಧವಿಲ್ಲವೆಂದು ವಿವರಿಸಿದೆ. ಎದ್ದು ನಿಂತೇ ಕೇಳಿದರು.

ಜೂನ್ ೧೦, ಮಂಗಳವಾರ

ಅದೇ ದೋಷ, ಅದೇ ಹೊತ್ತು. ಈ ಸಲ ಹೊರಡುವ ಮೊದಲು ಫೋನಿನಲ್ಲೇ ಪರೀಕ್ಷಿಸಿದೆ.

"ಯಂತ್ರಕ್ಕೆ ಯಾವ ಸಂಖ್ಯೆ ಬಂದಿದೆ, ನೋಡಿ ಹೇಳಿ."

ಸೂಜಿ ಅಂಕಿ ಅಂಕಿಯಾಗಿ ಓದಿ ಹೇಳಿದ. ನಾನು ಗೊತ್ತುಮಾಡಿದ ಸಂಖ್ಯೆಯೇ, ಒಂದು ಚುಕ್ಕೆಯೂ ವ್ಯತ್ಯಾಸವಿಲ್ಲ. ಆದ್ದರಿಂದ ಸಂಖ್ಯೆ ಹಂಚಿಕೆಯಲ್ಲಿ ದೋಷವಿಲ್ಲ. ದೋಷ ಬೇರೆಡೆ ಇದೆ.

ಹೋದೆ. ಎಲ್ಲವೂ ಸರಿಯಿತ್ತು.

ಜೂನ್ ೧೨, ಗುರುವಾರ

ಕೇಬಲ್‌ಗಳನ್ನು ಬದಲಿಸಿದೆ. ಅವುಗಳನ್ನು ಕೂಡಿಸುವ ಪೆಟ್ಟಿಗೆಯನ್ನೂ ಬದಲಿಸಿದೆ. ಸರ್ವರಿನ ರಕ್ಷಣಾ ನಿಯಮಗಳನ್ನು ಒಂದೊಂದಾಗಿ ತೆಗೆದು ಒಂದೊಂದಾಗಿ ಹಾಕಿದೆ. ಸರ್ವರಿನ ದಾಖಲೆಗಳಲ್ಲಿ ದೋಷದ ಸುಳಿವೇ ಇಲ್ಲ: ಆ ಹೊತ್ತಿನಲ್ಲಿ ಅದನ್ನು ಯಾರೂ ಏನೂ ಕೇಳಿಲ್ಲ, ಅದೂ ಏನೂ ಹೇಳಿಲ್ಲ. ಈ ನಡವಳಿಕೆಯಲ್ಲಿ ನನಗೆ ತಪ್ಪು ಕಾಣಲಿಲ್ಲ.

ಆಸ್ಪತ್ರೆಯ ಆಡಳಿತದಿಂದ ಮೊದಲ ಎಚ್ಚರಿಕೆ ಬಂದಿದೆಯೆಂದು ಹೆಂಡತಿ ಊಟಕ್ಕೆ ಕೂತಾಗ ಹೇಳಿದಳು. ನಾನು ತಲೆಯಾಡಿಸಿದೆ. ಇನ್ನೇನೋ ಹೇಳಹೊರಟವಳು, ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಜೂನ್ ೧೩, ಶುಕ್ರವಾರ

ಇವತ್ತಿನದನ್ನು ಸೂಜಿ ಹೇಳಿದ ಪ್ರಕಾರ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಗಂಟಿನ ಚೂರೊಂದನ್ನು ಇಲ್ಲಿಗೆ ಕಳಿಸುತ್ತಾರೆ. ಅದು ಕೆಟ್ಟ ಗಂಟೋ ಅಲ್ಲವೋ ಎಂದು ನನ್ನ ಹೆಂಡತಿ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಬೇಕು. ಅಲ್ಲಿಯವರೆಗೆ ಶಸ್ತ್ರವೈದ್ಯರು ಕೈಕಟ್ಟಿ ಕಾಯುತ್ತಾರೆ. ರೋಗಿ ಮೇಜಿನ ಮೇಲೆ ಇರುತ್ತಾನೆ. ಬಾಯಿಮಾತು ಸಲ್ಲದು, ಬರಹ ಬೇಕು. ಇಂದು ಊಟದ ಹೊತ್ತು ಕಳೆದು ಅಂಥ ಚೂರು ಬಂದಿತು. ಅವಳು ನೋಡಿದಳು, ಬರೆದಳು, ಕಳಿಸಿದಳು. ಹೋಗಲಿಲ್ಲ. ಮತ್ತೆ ಕಳಿಸಿದಳು. ಹೋಗಲಿಲ್ಲ.

"ಅಕ್ಕ ಒಂದು ಚೀಟೀಲಿ ಬರೆದ್ರು ಸಾರ್, ಸಹಿ ಹಾಕಿದ್ರು, ಓಡಿದ್ರು. ಒಂದು ಚಪ್ಪಲಿ ಮೆಟ್ಟಿಲ ಮೇಲೇ ಉಳೀತು. ನಾನು ಚಪ್ಪಲಿ ಹಿಡ್ಕೊಂಡು ಹಿಂದೆ ಓಡಿದೆ. ಬಸ್ಸಿನವನು ಬ್ರೇಕ್ ಹಾಕಿ ಬೈದ. ನನಗೆ ಬೈದನೋ ಅಕ್ಕನಿಗೆ ಬೈದನೋ ಗೊತ್ತಾಗಲಿಲ್ಲ, ಇಬ್ಬರ ಪರವಾಗಿ ನಾನೇ ಬೈಸ್ಕೊಂಡೆ."

ನಾನು ಹೋದಾಗ ಎಲ್ಲವೂ ಸರಿಯಿತ್ತು.

ಸಂಜೆ ಅವಳ ಪಾದದ ಅಡಿಯಲ್ಲಿ ಗಾಯ ಕಂಡೆ. ಔಷಧದ ಡಬ್ಬಿಯನ್ನು ಅವಳ ಮಗ್ಗುಲಲ್ಲಿ ಇಟ್ಟೆ. ಅವಳು ವೈದ್ಯೆ, ಏನು ಮಾಡಬೇಕೆಂದು ಅವಳಿಗೆ ತಿಳಿದಿದೆ.

ಜೂನ್ ೧೬, ಸೋಮವಾರ

"ನೀವಿದ್ದಾಗ ಕೆಡಲ್ಲ ತಾನೆ?" ಎಂದಳು ಬೆಳಿಗ್ಗೆ. "ಹಾಗಾದ್ರೆ ಬಂದು ಅಲ್ಲೇ ಕೂತ್ಕೊಳ್ಳಿ."

"ಅದು ಪರಿಹಾರವಲ್ಲ."

"ಪರಿಹಾರ ಸಿಗೋ ತನಕ ಕೂತ್ಕೊಳ್ಳಿ. ದೃಷ್ಟಿಬೊಂಬೆ ಏನು ಕೆಲಸ ಮಾಡುತ್ತೆ? ನಿಂತಿರುತ್ತೆ."

ಫ್ರಿಜ್ಜಿನ ಪಕ್ಕ ಒಂದು ಕುರ್ಚಿ ಹಾಕಿಸಿದ್ದಾಳೆ. ಕೂತೆ. ಒಂದು ಗಂಟೆಗೆ ಊಟಕ್ಕೆ ಮನೆಗೆ ಹೋಗಿ ಬಂದೆ. ಬರುವಾಗ ಮೆಟ್ಟಿಲಲ್ಲೇ ಸೂಜಿ ಎದುರಾದ: "ಈಗಷ್ಟೇ ಕೆಟ್ಟಿತ್ತು ಸಾರ್. ಈಗ ಸರಿಹೋಯ್ತು."

ಅವಳು ಕೆಲಸ ಮಾಡುವುದನ್ನು ನಾನು ಇದುವರೆಗೆ ನೋಡಿರಲಿಲ್ಲ. ಸೂಕ್ಷ್ಮದರ್ಶಕದ ಮುಂದೆ ಕೂತಾಗ ಎಡಗೈಯ ಬೆರಳುಗಳಿಂದ ಮೇಜನ್ನು ಮೆಲ್ಲಗೆ ತಟ್ಟುತ್ತಾಳೆ. ಉತ್ತರ ಹೊಳೆದಾಗ ತಟ್ಟುವುದು ನಿಲ್ಲುತ್ತದೆ. ಇದು ದೋಷಕ್ಕೆ ಸಂಬಂಧಿಸಿದ್ದಲ್ಲ.

ಜೂನ್ ೧೭, ಮಂಗಳವಾರ

ಸೂಜಿ ಟೀ ಹಂಚುತ್ತ, "ಅಕ್ಕ, ತಗೊಳ್ಳಿ. ಭಾವ, ನೀವೂ..." ಎಂದು ಅಲ್ಲಿಗೇ ನಿಂತ. ಸ್ವಾಗತದ ಹೆಣ್ಣುಮಗಳು ಬೆರಳಚ್ಚು ನಿಲ್ಲಿಸಿದಳು. ಹೆಂಡತಿ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಲಿಲ್ಲ. ಆದರೆ ಭುಜ ಅಲುಗುತ್ತಿತ್ತು.

ಪರಿಶೀಲಿಸಿದೆ. ಅವಳು ಅಕ್ಕನಾದರೆ ಅಕ್ಕನ ಗಂಡ ಭಾವನೇ. ತರ್ಕ ಸರಿಯಾಗಿದೆ.

"ಸಕ್ಕರೆ ಕಡಿಮೆ ಇರಲಿ" ಎಂದೆ.

ಜೂನ್ ೧೮, ಬುಧವಾರ

ಮಹತ್ವದ ದಿನ. ನಾನು ಊಟಕ್ಕೆ ಮನೆಗೆ ಹೋದಾಗ ದೋಷ ಮತ್ತೆ ಬಂದಿತು. ಒಂದೂವರೆಯೊಳಗೇ ಹಿಂತಿರುಗಿ ಕೂತು, ಮಾತಿಗೆ ಮಾತು ಬಂದು, ಸೂಜಿಯನ್ನು ಕೇಳಿದೆ: "ಇವತ್ತು ಕೆಟ್ಟಾಗ ಸಂಖ್ಯೆ ಎಷ್ಟಿತ್ತು?" ಆತ ಪರದೆಯ ಕಡೆ ನೋಡಲೇ ಇಲ್ಲ. ಬಗ್ಗಿ, ಯಂತ್ರದ ಹಣೆಯ ಚೀಟಿ ಓದಿದ.

"ಅವತ್ತು ಫೋನಿನಲ್ಲಿ ಓದಿದ್ದೂ ಇದನ್ನೇ?"

"ಮತ್ತಿನ್ಯಾವುದು ಭಾವ? ನೀವೇ ಬರೆದು ಅಂಟಿಸಿರೋದು. ಇದಕ್ಕಿಂತ ಸರಿಯಾದ್ದು ಇರುತ್ತಾ?"

ಎಂಟು ದಿನಗಳಿಂದ ನಾನು ನನ್ನ ಕೈಬರಹವನ್ನೇ ಸಾಕ್ಷಿಯಾಗಿ ನಂಬಿ ಕೇಬಲ್ ಬದಲಿಸುತ್ತಿದ್ದೆ.

ಪರದೆಯ ಮೇಲಿನ ಸಂಖ್ಯೆ ನೋಡುವುದನ್ನು ಕಲಿಸಿ, ಟೀ ನೆಪ ಹೇಳಿ ಅರ್ಧ ಗಂಟೆ ಹೊರಗೆ ಹೋದೆ. ಸೂಜಿ ಫೋನ್ ಮಾಡಿದ: "ಮತ್ತೆ ಆರಿಸಿ ಹಚ್ಚಿದೆ ಭಾವ. ನಂಬರೇ ಬೇರೆ ಬಂದಿದೆ. ನಮ್ಮ ಸಾಲಿಂದೇ ಅಲ್ಲ."

ಅಂದರೆ ಜಾಲದಲ್ಲಿ ನನ್ನ ಸರ್ವರಲ್ಲದೆ ಇನ್ನೊಂದು ಪೆಟ್ಟಿಗೆಯೂ ಸಂಖ್ಯೆ ಹಂಚುತ್ತಿದೆ. ಯಾರು ಮೊದಲು ಉತ್ತರಿಸುತ್ತಾರೋ ಯಂತ್ರ ಅವರದನ್ನು ತೆಗೆದುಕೊಳ್ಳುತ್ತದೆ. ಊಟದ ವೇಳೆ ಎಲ್ಲ ಯಂತ್ರಗಳನ್ನೂ ಆರಿಸಿ ಹಚ್ಚಬೇಕೆಂಬ ನನ್ನ ನಿಯಮದಿಂದಾಗಿ ಎಲ್ಲವೂ ಒಟ್ಟಿಗೆ ಕೇಳುತ್ತವೆ, ಒಟ್ಟಿಗೆ ಮೋಸ ಹೋಗುತ್ತವೆ.

"ಅರ್ಥ ಆಯ್ತು ಭಾವ" ಎಂದ ಸೂಜಿ. "ನಮ್ಮ ಸಿನಿಮಾ ಥಿಯೇಟರಿನ ಬಾಗಿಲಲ್ಲಿ ನಿಂತು ಬೇರೆ ಥಿಯೇಟರಿನ ಟಿಕೆಟ್ ಹಂಚ್ತಿದಾನೆ ಯಾವನೋ."

ಇದಕ್ಕಿಂತ ಸ್ಪಷ್ಟವಾಗಿ ಕೂಟದಲ್ಲಿ ಯಾರೂ ಬರೆದಿಲ್ಲ.

ಜೂನ್ ೧೯, ಗುರುವಾರ

ಎಲ್ಲ ಕೋಣೆಗಳನ್ನೂ ಹುಡುಕಿದೆ. ಫ್ರಿಜ್ಜಿನ ಹಿಂದೆ, ಕಪಾಟುಗಳ ಮೇಲೆ, ಕೈತೊಳೆಯುವ ತೊಟ್ಟಿಯ ಕೆಳಗೆ. ಪೆಟ್ಟಿಗೆ ಇಲ್ಲ. ಸ್ವಾಗತದ ಮೇಜಿನ ಕೆಳಗೆ ಜಾಲದ ಒಂದು ಖಾಲಿ ಕಿಂಡಿ ಇದೆ. ಉಳಿದ ಕಿಂಡಿಗಳಲ್ಲೆಲ್ಲ ಧೂಳು ಕೂತಿದೆ, ಅದರಲ್ಲಿ ಮಾತ್ರ ಇಲ್ಲ. ಆಕೆಯ ಶುಚಿತ್ವ ಮೆಚ್ಚತಕ್ಕದ್ದು.

ಒಂದು ಪ್ರಕಟಣೆ ಹಾಕಲು ನಿರ್ಧರಿಸಿದೆ. ನಾನು ಹೇಳುತ್ತಾ ಹೋದೆ, ಆಕೆ ಬೆರಳಚ್ಚು ಮಾಡಿದಳು: "ಈ ಆವರಣದಲ್ಲಿ ಅನಧಿಕೃತ ಜಾಲ ಉಪಕರಣವನ್ನು ಬಳಸುತ್ತಿರುವವರು ಅದನ್ನು ತಕ್ಷಣ ಒಪ್ಪಿಸತಕ್ಕದ್ದು. ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು."

"ಸೂಕ್ತ ಕ್ರಮ ಅಂದ್ರೆ ಏನು ಸಾರ್?" ಎಂದು ಕೇಳಿದಳು. ಸೂಜಿ ಭಾವ ಎಂದರೂ ಆಕೆ ಇನ್ನೂ ಸಾರ್ ಎನ್ನುತ್ತಾಳೆ.

"ಅದನ್ನು ಆಮೇಲೆ ನಿರ್ಧರಿಸಲಾಗುವುದು."

ಎರಡು ಪ್ರತಿ ತೆಗೆದಳು. ಒಂದನ್ನು ಗೋಡೆಗೆ ಅಂಟಿಸಿದಳು. ಯಾರೂ ಏನೂ ಒಪ್ಪಿಸಲಿಲ್ಲ.

ಇಂದಿನಿಂದ ಡಬ್ಬಿ ಕಟ್ಟಿಕೊಂಡು ಬಂದು ಇಲ್ಲೇ ಊಟ ಮಾಡುತ್ತಿದ್ದೇನೆ.

ಜೂನ್ ೨೩, ಸೋಮವಾರ

ನಾನು ಕದಲದೆ ಕೂತಿರುವುದರಿಂದ ದೋಷ ಬರುತ್ತಿಲ್ಲ. ವರದಿಗಳು ಹೋಗುತ್ತಿವೆ. ಆದರೆ ದೋಷ ಇಲ್ಲವಾಗಿಲ್ಲ, ಅಡಗಿದೆ. ಒಂದು ದಿನ ನನಗೆ ಜ್ವರ ಬಂದರೆ ಮೇಜಿನ ಮೇಲೆ ಯಾರಾದರೂ ಮಲಗಿರುತ್ತಾರೆ, ಇವಳು ಮತ್ತೆ ರಸ್ತೆಗೆ ಓಡುತ್ತಾಳೆ.

ಊಟದ ಹೊತ್ತಿನಲ್ಲಿ ಸೂಜಿ ಕಥೆ ಹೇಳುತ್ತಾನೆ. ರಕ್ತ ಕಂಡೊಡನೆ ತಲೆಸುತ್ತಿ ಬಿದ್ದ ಪೈಲ್ವಾನನ ಕಥೆ ಇಂದು ಎರಡನೆಯ ಸಲ. ಮೊದಲ ಸಲ ಪೈಲ್ವಾನ ಕುರ್ಚಿಯ ಮೇಲೆ ಬಿದ್ದಿದ್ದ, ಈ ಸಲ ಸೂಜಿಯ ಮೇಲೆ ಬಿದ್ದ. ವ್ಯತ್ಯಾಸವನ್ನು ಎತ್ತಿ ತೋರಿಸಿದೆ. "ಭಾವ, ಮೊದಲ್ನೇ ಸಲ ನಿಮಗೆ ಅಷ್ಟು ಸಲಿಗೆ ಇರಲಿಲ್ಲ, ನಿಜ ಹೇಳಲಿಲ್ಲ" ಎಂದ. ನಾನು ನಕ್ಕೆನೆಂದು ಹೆಂಡತಿ ಮನೆಗೆ ಬಂದ ಮೇಲೆ ಹೇಳಿದಳು. ನನಗೆ ನೆನಪಿಲ್ಲ.

ಸ್ವಾಗತದ ಹೆಣ್ಣುಮಗಳು ಮಾತ್ರ ನಮ್ಮೊಡನೆ ಕೂರುವುದಿಲ್ಲ. ಒಂದು ಗಂಟೆಯಾಗುತ್ತಿದ್ದಂತೆ ಫೋನ್ ಹಿಡಿದು ಹೊರಗೆ ಹೋಗುತ್ತಾಳೆ, ಬಿಸಿಲಲ್ಲಿ ನಿಂತಿರುತ್ತಾಳೆ, ಎರಡಕ್ಕೆ ಬರುತ್ತಾಳೆ. ಊಟ ಮಾಡಿದ ಹಾಗೆ ಕಾಣುವುದಿಲ್ಲ.

ಜೂನ್ ೨೪, ಮಂಗಳವಾರ

ದೀರ್ಘವಾಗಿ ಬರೆಯಬೇಕಾಗಿದೆ.

ಒಂದು ಗಂಟೆಗೆ ಆಕೆ ಹೊರಗೆ ಹೋದಳು. ಬಿಸಿಲು ಜೋರಾಗಿತ್ತು. ಬಾಗಿಲ ಬಳಿಯಿದ್ದ ಹೆಂಡತಿಯ ಕೊಡೆ ತೆಗೆದುಕೊಂಡು ನಾನೂ ಹೋದೆ. ಯಾಕೆ ಹೋದೆನೆಂದು ಆಗ ಯೋಚಿಸಿರಲಿಲ್ಲ. ಕೊಡೆ ಬಿಚ್ಚಿ ಆಕೆಯ ತಲೆಯ ಮೇಲೆ ಹಿಡಿದೆ. ಆಕೆ ಬೆಚ್ಚಿದಳು. ಫೋನಿನ ಪರದೆಯಲ್ಲಿ ಒಂದು ಕೋಣೆ. ಮಂಚದ ಮೇಲೆ ವಯಸ್ಸಾದ ಹೆಂಗಸೊಬ್ಬರು ಮಲಗಿದ್ದರು.

"ಯಾರು?"

"ಅಮ್ಮ. ಹಾಸಿಗೆ ಹಿಡಿದು ವರ್ಷ ಆಯ್ತು. ನೋಡ್ಕೊಳ್ಳೋಳು ಒಂದರಿಂದ ಎರಡರವರೆಗೆ ಊಟಕ್ಕೆ ಅವಳ ಮನೆಗೆ ಹೋಗ್ತಾಳೆ. ಆ ಒಂದು ಗಂಟೆ ನಾನು ಹೀಗೆ ಕ್ಯಾಮೆರಾದಲ್ಲಿ ನೋಡ್ತಿರ್ತೀನಿ."

ನೋಡಿದೆ. ಹೆಂಗಸು ಗೋಡೆಯ ಕಡೆ ತಿರುಗಿದರು.

"ನಿದ್ದೆ ಬಂದಿಲ್ಲ ಅವರಿಗೆ" ಎಂದೆ. "ನನ್ನ ತಾಯಿಯೂ ಕೊನೆಯಲ್ಲಿ ಹೀಗೇ ತಿರುಗುತ್ತಿದ್ದರು. ನಿದ್ದೆ ಬಂದವರಂತೆ ನಟಿಸುತ್ತಿದ್ದರು, ನಾವು ನೆಮ್ಮದಿಯಾಗಿರಲಿ ಅಂತ."

ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಆಕೆ ಈಗಲೂ ಕೇಳಿರಲಿಲ್ಲ.

ಒಳಗಿನ ಗೋಡೆ ದಪ್ಪ, ಅದಕ್ಕೇ ಮೊಬೈಲಿಗೆ ಸಿಗ್ನಲ್ ಬರುವುದಿಲ್ಲ ಎಂದೆ. ಮೇಜಿನ ಹತ್ತಿರವೇ ಕೂತು, ಊಟ ಮಾಡುತ್ತ ನೋಡುವ ಹಾಗೆ ಮಾಡಿಕೊಡಬಹುದು, ಕಷ್ಟದ ಕೆಲಸವಲ್ಲ ಎಂದೂ ಹೇಳಿದೆ.

ಆಕೆ ನನ್ನನ್ನು ನೋಡಿದಳು. ನೆಟ್ಟಗೆ ಒಳಗೆ ಹೋದಳು. ನಾನು ಕೊಡೆ ಮಡಿಸಿ ಒಳಗೆ ಬರುವಷ್ಟರಲ್ಲಿ ಫ್ರಿಜ್ಜಿನ ಪಕ್ಕದ ನನ್ನ ಕುರ್ಚಿಯ ಮೇಲೆ ಒಂದು ಪೊಟ್ಟಣವಿತ್ತು. ಸುತ್ತಿದ್ದ ಕಾಗದ ನನ್ನ ಪ್ರಕಟಣೆಯ ಎರಡನೆಯ ಪ್ರತಿ. ಒಳಗೆ ಅಂಗೈಯಗಲದ, ವೈ-ಫೈ ಕೊಡುವ ಪುಟ್ಟ ಪೆಟ್ಟಿಗೆ.

"ಮನೇಲಿ ಹಳೇದಿತ್ತು ಭಾವ. ಕಿಂಡೀಲಿ ಸಿಕ್ಕಿಸಿದ್ರೆ ಫೋನಿಗೆ ಬರುತ್ತೆ ಅಂತ ತಂದೆ. ಅದರಿಂದ ಮಿಕ್ಕಿದ್ದು ಕೆಡುತ್ತೆ ಅಂತ ದೇವರಾಣೆ ಗೊತ್ತಿರಲಿಲ್ಲ. ನಿಮ್ಮ ಶೂ ಸದ್ದು ಕೇಳಿದ ತಕ್ಷಣ ಕಿತ್ತು ಡ್ರಾಯರಿಗೆ ಹಾಕ್ತಿದ್ದೆ. ಅಕ್ಕ ಓಡಿದ ದಿನ ಅನುಮಾನ ಬಂತು. ಆದರೆ ಅದಿಲ್ಲದೆ ಅಮ್ಮನ್ನ ನೋಡೋದು ಹೇಗೆ?"

ಪೆಟ್ಟಿಗೆಯ ಬೆನ್ನಿನ ಮೇಲೆ ಅದು ಹಂಚುವ ಸಂಖ್ಯೆಗಳ ಸಾಲು ಅಚ್ಚಾಗಿತ್ತು. ಸೂಜಿ ಓದಿದ್ದ ಅದೇ ಸಾಲು.

"ನಾನು ಕೇಳಿದಾಗಲೇ ಹೇಳಬಹುದಿತ್ತಲ್ಲ?"

"ನೀವೆಲ್ಲಿ ಕೇಳಿದ್ರಿ ಭಾವ? ನೋಟಿಸ್ ಹಾಕಿದ್ರಿ."

ಕೋಪ ಬರಬೇಕಾಗಿತ್ತು. ಕಾದು ನೋಡಿದೆ, ಬರಲಿಲ್ಲ.

ಪೆಟ್ಟಿಗೆ ಕೆಟ್ಟದ್ದಲ್ಲ. ಅದರ ಸಂಖ್ಯೆ ಹಂಚುವ ಅಭ್ಯಾಸವನ್ನು ಮಾತ್ರ ಬಿಡಿಸಿ, ಅದೇ ಕಿಂಡಿಗೆ ಮತ್ತೆ ಸಿಕ್ಕಿಸಿದೆ. ಈಗ ಅದು ಸರ್ವರಿನಿಂದ ಸಂಖ್ಯೆ ಪಡೆಯುತ್ತದೆ, ಆಕೆಯ ಫೋನೂ ಪಡೆಯುತ್ತದೆ. ಜಾಲದ ನಕ್ಷೆಯಲ್ಲಿ ಎರಡನ್ನೂ ಸೇರಿಸಿದೆ. "ಉದ್ದೇಶ" ಎಂಬ ಕಲಮಿನಲ್ಲಿ "ಅಗತ್ಯ" ಎಂದು ಬರೆದೆ. ಪ್ರಕಟಣೆಯನ್ನು ಗೋಡೆಯಿಂದ ತೆಗೆದೆ.

ಎಲ್ಲ ಯಂತ್ರಗಳನ್ನೂ ಆರಿಸಿ ಹಚ್ಚಿದೆವು. ನಾನು ಮೆಟ್ಟಿಲಿಳಿದು, ರಸ್ತೆ ದಾಟಿ, ಆಸ್ಪತ್ರೆಯ ಗೋಡೆಯ ಹತ್ತಿರ ನಿಂತೆ. ಸೂಜಿ ಫೋನ್ ಮಾಡಿದ.

"ಭಾವ, ನೀವಿಲ್ಲ. ಆದರೂ ನಡೀತಿದೆ."

ಜೂನ್ ೨೫, ಬುಧವಾರ

ನಿನ್ನೆಯ ಸುದ್ದಿ ಹಬ್ಬಿದ್ದರಿಂದಲೋ ಏನೋ, ಇಂದು ನನಗೆ ಬೇಡದ ವಿಷಯಗಳನ್ನೂ ಹೇಳುತ್ತಿದ್ದಾರೆ. ಊಟದ ಡಬ್ಬಿ ಬೆಚ್ಚಗಿರಲೆಂದು ದಿನವೂ ಸರ್ವರಿನ ಮೇಲಿಡುತ್ತಿದ್ದುದಾಗಿ ಸೂಜಿ ಒಪ್ಪಿಕೊಂಡ. ಗಾಳಿಯ ಕಿಂಡಿ ಮುಚ್ಚದಂತೆ ಇಡಲು ಸೂಚಿಸಿದೆ. ಎದ್ದು ನಿಲ್ಲುವುದು ಗೌರವಕ್ಕಲ್ಲ, ಪರದೆಯ ಮೇಲಿನ ಆಟವನ್ನು ಮರೆಮಾಡಲಿಕ್ಕೆ ಎಂಬುದನ್ನೂ ಹೇಳಿದ. ಇದನ್ನು ನಾನು ತಿಳಿಯದಿದ್ದರೂ ನಡೆಯುತ್ತಿತ್ತು.

ಸಂಜೆ ಅಡುಗೆಮನೆಯಲ್ಲಿ ಹೆಂಡತಿ ಒಲೆ ಆರಿಸಿ ನನ್ನ ಕಡೆ ತಿರುಗಿದಳು.

"ನಾನೂ ಒಂದು ಹೇಳ್ಬೇಕು. ಒಂದು ಕಂಪನಿಯವರಿಗೆ ಹೇಳಿದೀನಿ. ನಾಳೆ ಅವರ ಇಂಜಿನಿಯರ್ ಬರ್ತಾರೆ. ನಿಮ್ಮ ಸರ್ವರ್ ತೆಗೆದು ಅವರದನ್ನ ಹಾಕೋಕೆ."

"ಯಾವಾಗ ಹೇಳಿದೆ?"

"ಓಡಿದ ದಿನವೇ. ಚಪ್ಪಲಿ ಹಾಕ್ಕೊಳ್ಳೋದಕ್ಕೂ ಮುಂಚೆ."

ಹನ್ನೆರಡು ದಿನ ಅವಳು ಇದನ್ನು ಇಟ್ಟುಕೊಂಡು, ನನ್ನನ್ನು ಫ್ರಿಜ್ಜಿನ ಪಕ್ಕ ಕೂರಿಸಿಕೊಂಡಿದ್ದಳು.

"ನನ್ನ ಕೈಲಿ ಆಗುವುದಿಲ್ಲ ಅನಿಸಿತೇ?"

"ಅನ್ನಿಸ್ತು" ಎಂದಳು. "ಹೇಳೋಕೆ ಎಷ್ಟು ಸಲ ಬಾಯಿ ತೆಗೆದೆ. ನಿಮ್ಮ ಮುಖ ನೋಡಿದ್ರೆ ಬಾಗಿಲು ಹಾಕಿದ ಆಫೀಸಿನ ಹಾಗಿರ್ತಿತ್ತು. ಈಗ ಏನು, ಹದಿನೈದು ದಿನ ಮಾತು ಬಿಡ್ತೀರಾ?"

"ಇಲ್ಲ."

"ಬೇಜಾರಾಯ್ತಾ?"

ಸರಿಯಾದ ಪದ ಹುಡುಕಿದೆ. ಅವಳದೇ ಸರಿಯಿತ್ತು.

"ಆಯ್ತು" ಎಂದೆ.

ಅವಳು ಬಂದು ಪಕ್ಕದಲ್ಲಿ ಕೂತಳು. ಪಾದದ ಗಾಯ ತೋರಿಸು ಎಂದೆ. ವಾಸಿಯಾಗಿತ್ತು. ಆದರೂ ನೋಡಿದೆ.

ಜೂನ್ ೨೬, ಗುರುವಾರ

ಕಂಪನಿಯ ಇಂಜಿನಿಯರ್ ಬಂದರು. ಎತ್ತರದ ಹೆಣ್ಣುಮಗಳು, ಬೆನ್ನಿಗೆ ಚೀಲ, ಬಹಳ ಮಿತಭಾಷಿ. ನನ್ನ ನಕ್ಷೆಯನ್ನು ನೋಡಿದರು, ಸರ್ವರನ್ನು ನೋಡಿದರು. ದೋಷ ಏನಿತ್ತೆಂದು ಸೂಜಿ ತನ್ನ ಟಿಕೆಟಿನ ಹೋಲಿಕೆಯಲ್ಲೇ ವಿವರಿಸಿದ. ಯಂತ್ರಗಳನ್ನು ತಾವೇ ಆರಿಸಿ ಹಚ್ಚಿ ಪರೀಕ್ಷಿಸಿದರು.

"ಇದರಲ್ಲಿ ನಾವು ಮಾಡೋದು ಏನೂ ಇಲ್ಲ" ಎಂದು ನನ್ನ ಹೆಂಡತಿಗೆ ಹೇಳಿ, ನನ್ನ ಕಡೆ ತಿರುಗಿದರು. "ಟಿಕೆಟ್ ಹಂಚೋ ಎರಡನೇ ಪೆಟ್ಟಿಗೆ. ಇದನ್ನ ಹಿಡಿಯೋಕೆ ಒಂದೊಂದು ಕಡೆ ನಮಗೆ ತಿಂಗಳು ಹಿಡಿದಿದೆ. ನೀವು ಹೇಗೆ ಹಿಡಿದ್ರಿ?"

"ಹಿಡಿಯಲಿಲ್ಲ. ಅವರೇ ಹೇಳಿದರು."

"ಅವರಾಗೇ?"

"ಹೌದು."

ಇಂಜಿನಿಯರ್ ಚೀಲದ ಪಟ್ಟಿ ಸರಿಮಾಡಿಕೊಂಡರು. "ನಮಗೆ ಯಾರೂ ಹೇಳಲ್ಲ" ಎಂದರು.

ಟೀ ಕುಡಿದು ಹೋಗಿ ಎಂದೆ. ಕೂತರು. ಸೂಜಿ ಪೈಲ್ವಾನನ ಕಥೆ ಹೇಳಿದ. ಈ ಸಲ ಪೈಲ್ವಾನರು ಇಬ್ಬರಿದ್ದರು.

ಜೂನ್ ೩೦, ಸೋಮವಾರ

ಪರೀಕ್ಷೆಯ ಕೊನೆಯ ದಿನ. ಒಂದೂವರೆಗೆ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಚೂರು ಬಂದಿತು. ಮೇಜಿನ ಮೇಲಿದ್ದವರು ಇಬ್ಬರು ಮಕ್ಕಳ ತಾಯಿಯಂತೆ. ಸ್ವಾಗತದ ಮೇಜಿನಲ್ಲಿ ಫೋನನ್ನು ನೀರಿನ ಲೋಟಕ್ಕೆ ಒರಗಿಸಿಟ್ಟುಕೊಂಡು ಆಕೆ ಊಟ ಮಾಡುತ್ತಿದ್ದಳು. ಹೆಂಡತಿಯ ಬೆರಳುಗಳು ಮೇಜು ತಟ್ಟತೊಡಗಿದವು. ಬೆರಳು ನಿಂತಿತು. ಬರೆದಳು, ಕಳಿಸಿದಳು. ನಾನು ಸರ್ವರಿನ ಪರದೆ ನೋಡಲಿಲ್ಲ, ಅವಳನ್ನು ನೋಡುತ್ತಿದ್ದೆ. ಇದು ಪದ್ಧತಿಗೆ ವಿರುದ್ಧ.

ಆಸ್ಪತ್ರೆಯಿಂದ ಫೋನ್ ಬಂದಿತು. ಕೇಳಿ, ಇಟ್ಟಳು.

"ತಲುಪಿತಂತೆ. ಕೆಟ್ಟ ಗಂಟಲ್ಲ ಅಂತ ಓದಿ ಹೊಲಿಗೆ ಹಾಕ್ತಿದ್ದಾರೆ."

ಸಂಜೆ ಆಡಳಿತದವರು ಒಪ್ಪಿಗೆ ಕಳಿಸಿದರು. ಕೆಲಸ ನಮ್ಮಲ್ಲೇ ಉಳಿಯಿತು. "ನಾಳೆಯಿಂದ ನೀವು ಬಂದು ಕೂರೋ ಅಗತ್ಯ ಇಲ್ಲ" ಎಂದಳು ಅವಳು. ಸರಿ ಎಂದೆ.

ಜುಲೈ ೧, ಮಂಗಳವಾರ

ಮನೆಯಲ್ಲಿದ್ದೆ. ಕಾಗದಗಳನ್ನು ಜೋಡಿಸಿದೆ. ಜೋಡಿಸಿದ್ದನ್ನು ಇನ್ನೊಂದು ರೀತಿಯಲ್ಲಿ ಜೋಡಿಸಿದೆ. ಹನ್ನೊಂದರ ಸುಮಾರಿಗೆ ಪ್ರಯೋಗಾಲಯದಿಂದ ಫೋನ್. ಸ್ವಾಗತದ ಹೆಣ್ಣುಮಗಳು.

"ಏನು ಕೆಟ್ಟಿದೆ?" ಎಂದೆ.

"ಏನೂ ಕೆಟ್ಟಿಲ್ಲ ಭಾವ."

"ವರದಿಗಳು?"

"ಹೋಗ್ತಿವೆ."

"ಹಾಗಾದರೆ ಫೋನ್ ಯಾಕೆ?"

"ಟೀ ಆಗಿದೆ. ಅಕ್ಕ ನಿಮ್ಮ ಕುರ್ಚಿ ತೆಗೆಯೋಕೆ ಬಿಟ್ಟಿಲ್ಲ."

ದೋಷ ಏನೂ ಇಲ್ಲವೆಂದು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡೆ. ಹೊರಟೆ.